ನಾಯಿ ಕಚ್ಚಿದ ಬಾತುಕೋಳಿ: ಕಾಲುವೆ ಪಕ್ಕದ ಓಣಿಯವರು ಸ್ವಲ್ಪ ನೋಡಿ

ಮೂಲೆ ಮನೆ ಅಕ್ಕ, ಬೆಳಿಗ್ಗೆ 6:10
ಎಲ್ಲರಿಗೂ ನಮಸ್ಕಾರ. ರಾತ್ರಿ ಮೂರರ ಸುಮಾರಿಗೆ ನಾಯಿಗಳು ನಮ್ಮ ಹಿತ್ತಲಿಗೆ ನುಗ್ಗಿವೆ. ಎರಡು ಜವಾರಿ ಕೋಳಿ ಸತ್ತವು. ಕಚ್ಚಿಸಿಕೊಂಡವುಗಳಲ್ಲಿ ಬಾತುಕೋಳಿ ಒಂದು ಉಳಿದಿದೆ. ಬೆನ್ನ ಮೇಲೆ ಪುಕ್ಕ ಕಿತ್ತು ಹೋಗಿದೆ, ರಕ್ತ ಒಸರುತ್ತಿದೆ, ಕೂತಲ್ಲೇ ಕೂತಿದೆ. ಏನು ಮಾಡಲಿ? ಈ ತಿಂಗಳು ನಮ್ಮ ಓಣಿಯಲ್ಲಿ ಇದು ಮೂರನೇ ಸಲ.

ಕಿರಾಣಿ ಅಂಗಡಿ
ಅರಿಶಿನಕ್ಕೆ ಎಣ್ಣೆ ಕಲಸಿ ತುಂಬಿಬಿಡಿ ಅಕ್ಕಾ.

ಕಾಂಪೌಂಡರ್ ಕಾಕಾ
ತಡೀರಿ, ಏನೂ ತುಂಬಬೇಡಿ. ಎಣ್ಣೆ ಹತ್ತಿದರೆ ಬಾತುಕೋಳಿ ಪುಕ್ಕ ನೀರು ತಡೆಯುವುದಿಲ್ಲ. ಮೊದಲು ಒಂದು ರಟ್ಟಿನ ಡಬ್ಬದಲ್ಲಿ ಹಳೇ ಟವೆಲ್ ಹಾಸಿ, ಅದರಲ್ಲಿ ಕೂರಿಸಿ. ಗಾಳಿಗೆ ತೂತು ಮಾಡಿ, ಕತ್ತಲೆ ಕೋಣೆಯಲ್ಲಿಡಿ. ಮಕ್ಕಳನ್ನು ದೂರ ಕಳಿಸಿ. ಗಾಬರಿಗೇ ಎಷ್ಟೋ ಹಕ್ಕಿ ಸಾಯುತ್ತವೆ. ಎತ್ತುವಾಗ ಎದೆ ಒತ್ತಬೇಡಿ. ಎದೆಗೂಡು ಅಲುಗಾಡದಿದ್ದರೆ ಅದಕ್ಕೆ ಉಸಿರಾಡಲಿಕ್ಕೇ ಆಗಲ್ಲ.

ಮೂಲೆ ಮನೆ ಅಕ್ಕ
ಇಟ್ಟೆ ಕಾಕಾ. ರಕ್ತ ನಿಂತಿಲ್ಲ.

ಕಾಂಪೌಂಡರ್ ಕಾಕಾ
ಒಗೆದ ಹತ್ತಿ ಬಟ್ಟೆ ಇಟ್ಟು ಐದು ನಿಮಿಷ ಒತ್ತಿ ಹಿಡಿಯಿರಿ. ನಡುವೆ ತೆಗೆದು ತೆಗೆದು ನೋಡಬೇಡಿ. ನಿಂತ ಮೇಲೆ ತೊಳೆಯುವುದು. ಒಂದು ಲೀಟರ್ ನೀರು ಕುದಿಸಿ ಆರಿಸಿ, 9 ಗ್ರಾಂ ಉಪ್ಪು ಹಾಕಿ, ಅಂದರೆ ಸಣ್ಣ ಚಮಚದಲ್ಲಿ ಮಟ್ಟಸವಾಗಿ ಒಂದೂವರೆ. ಸೂಜಿ ತೆಗೆದ ಸಿರಿಂಜಿನಲ್ಲಿ ಮೆಲ್ಲಗೆ ಬಿಡಿ. ಸುತ್ತಲ ಪುಕ್ಕ ಕತ್ತರಿಸಿ, ಕೀಳಬೇಡಿ. ಆಮೇಲೆ ಬೀಟಾಡಿನ್ ನೀರಿಗೆ ಹಾಕಿ ಅದರಲ್ಲೂ ತೊಳೆಯಿರಿ, ನೀರಿಗೆ ತೆಳು ಚಹಾದ ಬಣ್ಣ ಬಂದರೆ ಸಾಕು.
ಒಂದು ಮಾತು: ಉಸಿರಾಡುವಾಗ ಗಾಯದಿಂದ ಗುಳ್ಳೆ ಬರುತ್ತಿದ್ದರೆ ನೀರು ಬಿಡಲೇಬೇಡಿ. ಹಕ್ಕಿಗಳ ಮೈಯೊಳಗೆ ಗಾಳಿಚೀಲಗಳಿರುತ್ತವೆ, ಅದು ಹರಿದಿರುತ್ತದೆ. ಆಗ ನೇರ ಡಾಕ್ಟರ ಹತ್ತಿರ.

ಮೂಲೆ ಮನೆ ಅಕ್ಕ
ಗುಳ್ಳೆ ಇಲ್ಲ. ರಕ್ತ ನಿಂತಿದೆ. ನಾಲ್ಕು ಸಣ್ಣ ತೂತು ಅಷ್ಟೇ ಕಾಣುತ್ತಿದೆ.

ಕಾಂಪೌಂಡರ್ ಕಾಕಾ
ಅದೇ ಮೋಸ ನೋಡಿ. ನಾಯಿ ಕಚ್ಚಿ ಸುಮ್ಮನಿರಲ್ಲ, ಬಾಯಲ್ಲಿ ಹಿಡಿದು ಜಾಡಿಸುತ್ತದೆ. ಮೇಲೆ ಸಣ್ಣ ತೂತು, ಒಳಗೆ ಚರ್ಮ ಮಾಂಸ ಬಿಟ್ಟು ಜೋತಿರುತ್ತದೆ. ಹೊಲಿಯಲು ಹೋಗಬೇಡಿ, ಹೊಲಸು ಒಳಗೇ ಉಳಿದು ಕೀವಾಗುತ್ತದೆ. ಇವತ್ತೇ ಡಾಕ್ಟರಿಗೆ ತೋರಿಸಿ, ಆ್ಯಂಟಿಬಯಾಟಿಕ್ ಬೇಕಾಗಬಹುದು. ಬೆಕ್ಕು ಕಚ್ಚಿದರೆ ಇನ್ನೂ ಬೇಗ ಓಡಬೇಕು, ಅದರ ಬಾಯಲ್ಲಿನ ರೋಗಾಣು ಹಕ್ಕಿಯನ್ನು ಒಂದೆರಡು ದಿನದಲ್ಲಿ ಮುಗಿಸುತ್ತದೆ. 1962ಕ್ಕೂ ಫೋನ್ ಮಾಡಿ ಕೇಳಿ, ಪಶು ಸಂಜೀವಿನಿ ಗಾಡಿಯ ನಂಬರ್ ಅದು. ಔಷಧ ನಡೆಯುವಾಗಿನ ಮೊಟ್ಟೆ ತಿನ್ನಬೇಡಿ. ಎಷ್ಟು ದಿನ ಅಂತ ಡಾಕ್ಟರನ್ನೇ ಕೇಳಿ.

ರೈಸ್ ಮಿಲ್ ಅಣ್ಣ
ಸತ್ತ ಕೋಳಿ ಸಾರು ಮಾಡಬಹುದಾ? ಕೇಳಿದ್ದಕ್ಕೆ ಬೈಬೇಡಿ.

ಕಾಂಪೌಂಡರ್ ಕಾಕಾ
ಬೈಯಲ್ಲ. ಮಾಡಬೇಡಿ. ಆಳ ಗುಂಡಿ ತೋಡಿ ಹೂಳಿ. ರೇಬೀಸ್ ಕೋಳಿಗೆ ಬರುವ ಕಾಯಿಲೆ ಅಲ್ಲ, ಸಸ್ತನಿಗಳದ್ದು. ಆದರೆ ಆ ನಾಯಿಯ ಜೊಲ್ಲು ಯಾರ ಕೈಗಾಯಕ್ಕಾದರೂ ತಾಗಿದ್ದರೆ ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ.

3ನೇ ಅಡ್ಡರಸ್ತೆ ಹುಡುಗ
ಇಷ್ಟೆಲ್ಲ ಯಾಕೆ? ರೊಟ್ಟಿಗೆ ಮದ್ದು ಹಚ್ಚಿ ಇಟ್ಟರೆ ಒಂದೇ ರಾತ್ರಿಗೆ ಮುಗೀತು.

ಮೇಷ್ಟ್ರು (ಗುಂಪು ನೋಡಿಕೊಳ್ಳುವವರು)
ತಮ್ಮಾ, ಆ ಮಾತು ಇಲ್ಲಿ ಬೇಡ. ಪ್ರಾಣಿಗೆ ವಿಷ ಹಾಕುವುದು ಅಪರಾಧ, ಭಾರತೀಯ ನ್ಯಾಯ ಸಂಹಿತೆ 325ರಲ್ಲಿ ಐದು ವರ್ಷದವರೆಗೂ ಜೈಲು ಇದೆ. ಆ ರೊಟ್ಟಿ ಯಾರ ಮನೆ ಮಗುವಿನ ಕೈಗೆ ಸಿಗುತ್ತೋ! ಹಿಡಿದು ಬೇರೆ ಊರಿಗೆ ಬಿಡಲಿಕ್ಕೂ ಬರುವುದಿಲ್ಲ. 2023ರ ನಿಯಮದಂತೆ ಬೀದಿನಾಯಿಗಳಿಗೆ ಸಂತಾನಹರಣ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಬೇಕು. ಅದಕ್ಕಾಗಿ ನಗರಸಭೆಗೆ ಮನವಿ ಬರೆಯುತ್ತಿದ್ದೇನೆ.

ಪಂಪ್‌ಹೌಸ್ ಎದುರಿನ ಮನೆ
ಸರ್, ರಾತ್ರಿ ಒಂಬತ್ತಾದ ಮೇಲೆ ಕಾಲುವೆ ಏರಿ ಮೇಲೆ ಕೋಳಿ ಕರುಳು, ಪುಕ್ಕ ಚೀಲಗಟ್ಟಲೆ ಬೀಳುತ್ತಿವೆ. ನಾನೇ ಎಣಿಸಿದ್ದೇನೆ, ಹನ್ನೊಂದು ನಾಯಿ. ಕೋಳಿ ರುಚಿ ಕಲಿಸಿದವರು ನಾವೇ, ಈಗ ಹಿತ್ತಲಿಗೆ ಬಂದವು ಅಂತ ಕೂಗುತ್ತೇವೆ. ಮನವಿಯಲ್ಲಿ ಅದನ್ನೇ ಮೊದಲು ಬರೆಯಿರಿ.

ಮೇಷ್ಟ್ರು
ಸರಿ, ಅದೇ ಮೊದಲು. ಚೀಲ ಬಿದ್ದ ಜಾಗದ ಫೋಟೊ ಮೂರು ದಿನ ತೆಗೆಯಿರಿ, ಸಮಯ ಕಾಣಬೇಕು. ಯಾರ ಮುಖವೂ ಬೇಡ, ಗಲಾಟೆ ಆಗುತ್ತದೆ.

ರೈಸ್ ಮಿಲ್ ಅಣ್ಣ
ನಮ್ಮದೂ ತಪ್ಪಿದೆ. ನನ್ನ ಕೋಳಿ ರಾತ್ರಿ ಬೇವಿನ ಮರದ ಮೇಲೇ ಮಲಗುತ್ತವೆ. ಗೂಡಿಗೆ ಯಾವ ಜಾಳಿಗೆ ಹಾಕಿಸಲಿ?

ಕಾಂಪೌಂಡರ್ ಕಾಕಾ
ಆರು ಮೂಲೆಯ ಕೋಳಿ ಜಾಳಿಗೆ ಕೋಳಿಯನ್ನು ಒಳಗಿಡುತ್ತದೆ, ನಾಯಿಯನ್ನು ಹೊರಗಿಡಲ್ಲ. ಬೆಸುಗೆ ಹಾಕಿದ ಗಟ್ಟಿ ಜಾಳಿಗೆ, ಅರ್ಧ ಇಂಚಿನ ಕಣ್ಣಿನದು ತನ್ನಿ. ಕಣ್ಣು ದೊಡ್ಡದಿದ್ದರೆ ಮುಂಗುಸಿ ಮರಿ ನುಸುಳುತ್ತದೆ. ಒಂದಡಿ ಮಣ್ಣೊಳಗೆ ಹೂಳಿ, ಇಲ್ಲದಿದ್ದರೆ ಕೆರೆದು ಬರುತ್ತವೆ. ಮುಂಗುಸಿಗೆ ಬೋನು ಇಡಬೇಡಿ, ಅದು ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದೆ.

ಮೂಲೆ ಮನೆ ಅಕ್ಕ, ಮರುದಿನ ಸಂಜೆ
ಡಾಕ್ಟರ್ ಇಂಜೆಕ್ಷನ್ ಕೊಟ್ಟರು. ಬೆಳಿಗ್ಗೆ ಏನೂ ಮುಟ್ಟಲಿಲ್ಲ. ಈಗ ನೆನೆಸಿದ ನುಚ್ಚು ಎರಡು ಗುಕ್ಕು ತಿಂದಿತು. ತೊಟ್ಟಿಗೆ ಹೋಗಬೇಕು ಅಂತ ಒದ್ದಾಡುತ್ತಿದೆ, ಬಿಡಲಾ?

ಕಾಂಪೌಂಡರ್ ಕಾಕಾ
ಈಜು ಬೇಡ, ಗಾಯ ಮುಚ್ಚಲಿ. ಆದರೆ ತಲೆ ಮುಳುಗುವಷ್ಟು ಆಳದ ಡಬ್ಬಿಯಲ್ಲಿ ನೀರಿಡಿ. ಬಾತುಕೋಳಿ ಕಣ್ಣು ಮೂಗು ತೊಳೆಯಲೇಬೇಕು. ನೊಣದ ಮೇಲೆ ಕಣ್ಣಿಡಿ. ನಮ್ಮ ಗಂಗಾವತಿ ಬಿಸಿಲಿಗೆ ನೊಣದ ಮೊಟ್ಟೆ ಒಂದೇ ದಿನದಲ್ಲಿ ಹುಳ ಆಗುತ್ತವೆ. ಸೊಳ್ಳೆಪರದೆ ಹೊದಿಸಿ, ದಿನಕ್ಕೆರಡು ಸಲ ಮೂಸಿ ನೋಡಿ. ವಾಸನೆ ಬಂದರೆ ನನ್ನನ್ನು ಕರೆಯಿರಿ, ಚಿಮಟ ತರುತ್ತೇನೆ. ದನಕ್ಕೆ ಹಾಕುವ ಟರ್ಪೆಂಟೈನ್, ಫಿನಾಯಿಲ್ ಮಾತ್ರ ಹಚ್ಚಬೇಡಿ. ಉಳಿದ ಕೋಳಿಗಳ ಜೊತೆ ಈಗಲೇ ಬಿಡಬೇಡಿ, ಕೆಂಪು ಕಂಡರೆ ಅವೇ ಕುಕ್ಕುತ್ತವೆ.

ಮೇಷ್ಟ್ರು
ಮನವಿಗೆ ಇಲ್ಲಿಯವರೆಗೆ 23 ಮನೆ ಸಹಿ ಆಗಿದೆ. ಭಾನುವಾರ ಏಳಕ್ಕೆ ಮೂಲೆ ಮನೆ ಗೂಡಿಗೆ ಜಾಳಿಗೆ ಕಟ್ಟೋಣ. ಕಟರ್ ಯಾರ ಹತ್ತಿರ ಇದೆ?

3ನೇ ಅಡ್ಡರಸ್ತೆ ಹುಡುಗ
ನನ್ನ ಹತ್ತಿರ ಇದೆ ಸರ್. ಸ್ವಲ್ಪ ಮೊಂಡಾಗಿದೆ, ಸಾಣೆ ಹಿಡಿಸಿ ತರುತ್ತೇನೆ.