ಹಗಲಿನಲ್ಲೇ ಕಣ್ಣು ಮುಚ್ಚಿ ಕುಳಿತಿರುವ ಗೋಸುಂಬೆ: ಏನು ಮಾಡಬೇಕು?

ಪ್ರಶ್ನೆ (ಆಸ್ಟಿನ್, ಟೆಕ್ಸಾಸ್)

ನಮಸ್ಕಾರ. ನಮ್ಮ ಮನೆಯಲ್ಲಿ ಸುಮಾರು 10 ತಿಂಗಳ ವಯಸ್ಸಿನ ಒಂದು ವೇಲ್ಡ್ ಕ್ಯಾಮೆಲಿಯನ್ ಇದೆ. ಯೆಮೆನ್ ಮತ್ತು ಸೌದಿ ಅರೇಬಿಯಾದ ನೈಋತ್ಯ ಭಾಗದ ಮೂಲದ, ನೆತ್ತಿಯ ಮೇಲೆ ಟೋಪಿ ಇಟ್ಟಂತೆ ಕಾಣುವ ಗೋಸುಂಬೆ ಇದು. ಅಂಗಡಿಯವರು ಗಂಡು ಎಂದು ಹೇಳಿ ಕೊಟ್ಟದ್ದರಿಂದ ಮಗ ಅದಕ್ಕೆ ಭೀಮ ಎಂದು ಹೆಸರಿಟ್ಟ. ಊಟವೂ ಹೆಸರಿಗೆ ತಕ್ಕಂತೆಯೇ ಇತ್ತು. ದಿನಕ್ಕೆ ಹದಿನೈದು ಕ್ರಿಕೆಟ್ ಹುಳುಗಳನ್ನು ತಿಂದರೂ ಇನ್ನೂ ಬೇಕು ಎಂಬಂತೆ ಜಾಲರಿಗೆ ಅಂಟಿಕೊಂಡು ನಮ್ಮನ್ನೇ ನೋಡುತ್ತಿತ್ತು.

ಹೋದ ವಾರ ಅದು ಏಕಾಏಕಿ ತಿನ್ನುವುದನ್ನು ನಿಲ್ಲಿಸಿತು. ಎರಡು ದಿನ ಗೂಡಿನ ತುಂಬ ಚಡಪಡಿಸುತ್ತ ಓಡಾಡಿತು, ಗಿಡದ ಕುಂಡಕ್ಕಿಳಿದು ಮಣ್ಣನ್ನು ಕೆದರಿತು. ನಿನ್ನೆಯಿಂದ ಗೂಡಿನ ತಳದಲ್ಲಿ ಕುಳಿತು ಹಗಲಿನಲ್ಲೇ ಕಣ್ಣು ಮುಚ್ಚುತ್ತಿದೆ. ಮುಟ್ಟಿದರೆ ಕಣ್ಣು ತೆರೆಯುತ್ತದೆ, ಮರುಕ್ಷಣವೇ ಮತ್ತೆ ಮುಚ್ಚಿಕೊಳ್ಳುತ್ತದೆ. ಮೈ ಕಪ್ಪಾಗಿ, ಅದರ ಮೇಲೆ ಹಳದಿ ಚುಕ್ಕೆಗಳು ಎದ್ದಿವೆ.

ಗೂಡು 2 ಅಡಿ ಅಗಲ, 4 ಅಡಿ ಎತ್ತರದ ಜಾಲರಿಯದು. ಬಿಸಿಲು ಕಾಯಿಸುವ ದೀಪದ ಕೆಳಗೆ 38 ಡಿಗ್ರಿ ಸೆಲ್ಸಿಯಸ್ ಇದೆ. ಗೂಡಿನ ಜೊತೆಗೇ ಬಂದ ಸುರುಳಿ ಆಕಾರದ ಯುವಿಬಿ (ಬಿಸಿಲಿನಲ್ಲಿರುವ ಒಂದು ಬಗೆಯ ನೇರಳಾತೀತ ಕಿರಣ) ಬಲ್ಬು ಹಾಕಿದ್ದೇವೆ, ಕುಡಿಯಲು ಬಟ್ಟಲಿನಲ್ಲಿ ನೀರು ಇಟ್ಟಿದ್ದೇವೆ. ಶೀತವಾಗಿರಬಹುದೆಂದು ಇಂದು ರಾತ್ರಿ ಬೆಚ್ಚಗಿನ ನೀರಿನಲ್ಲಿ ಕೂರಿಸಿ, ಬಾಯಿ ತೆರೆಸಿ ಸಿರಿಂಜಿನಲ್ಲಿ ಸ್ವಲ್ಪ ಆಹಾರ ಹಾಕೋಣ ಎಂದುಕೊಂಡಿದ್ದೇನೆ. ಇದು ಸರಿಯೇ? ದಯವಿಟ್ಟು ತಿಳಿದವರು ಬೇಗ ತಿಳಿಸಿ.

ಉತ್ತರ (ಸನ್ನಿವೇಲ್, ಕ್ಯಾಲಿಫೋರ್ನಿಯಾ)

ಮೊದಲು ಬೇಡವಾದದ್ದನ್ನು ಹೇಳಿಬಿಡುತ್ತೇನೆ. ನೀರಿನಲ್ಲಿ ಕೂರಿಸಬೇಡಿ, ಬಾಯಿಯನ್ನು ಬಲವಂತವಾಗಿ ತೆರೆಸಬೇಡಿ. ಗೋಸುಂಬೆಯ ಶ್ವಾಸನಾಳದ ಬಾಯಿ ನಾಲಿಗೆಯ ಪಕ್ಕದಲ್ಲೇ ಇರುವುದರಿಂದ, ಬಳಲಿದ ಪ್ರಾಣಿಗೆ ಸಿರಿಂಜಿನಲ್ಲಿ ಏನನ್ನೇ ಹಾಕಿದರೂ ಅದು ಹೊಟ್ಟೆಯ ಬದಲು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ನೀರಿನ ಸ್ನಾನವಂತೂ ಮರದ ಮೇಲೆ ಬದುಕುವ ಈ ಜೀವಿಗೆ ಬರೀ ಹೆದರಿಕೆ. ಚರ್ಮದ ಮೂಲಕ ಅದು ನೀರು ಕುಡಿಯುವುದಿಲ್ಲ.

ಹಗಲಿನಲ್ಲಿ ಕಣ್ಣು ಮುಚ್ಚಿ ಕುಳಿತಿದೆ ಎಂದರೆ ಕಾದು ನೋಡುವ ಕಾಲ ಮುಗಿದಿದೆ ಎಂದೇ ಅರ್ಥ. ಇತರ ಪ್ರಾಣಿಗಳಿಗೆ ಬೇಟೆಯಾಗುವ ಈ ಜೀವಿ ಕೊನೆಯ ತನಕ ಬಳಲಿಕೆಯನ್ನು ಮುಚ್ಚಿಡುತ್ತದೆ. ನಮಗೆ ನಿನ್ನೆ ಕಂಡ ಕಾಯಿಲೆ ಒಳಗೊಳಗೇ ವಾರಗಳಿಂದ, ಕೆಲವೊಮ್ಮೆ ತಿಂಗಳುಗಳಿಂದ ಬೆಳೆಯುತ್ತಿರುತ್ತದೆ. ಹನ್ನೊಂದು ವರ್ಷಗಳಿಂದ ಸಾಕುತ್ತಿರುವ ನಾನು ‘ಇದ್ದಕ್ಕಿದ್ದಂತೆ’ ಎಂಬ ಮಾತನ್ನು ಗೋಸುಂಬೆಯ ವಿಷಯದಲ್ಲಿ ಈಗ ನಂಬುವುದಿಲ್ಲ.

ಒಂದು ಅನುಮಾನವಿದೆ. ಹಿಂಗಾಲಿನ ಹಿಮ್ಮಡಿಯನ್ನು ಗಮನವಿಟ್ಟು ನೋಡಿ. ಈ ಜಾತಿಯ ಗಂಡುಮರಿಗಳಿಗೆ ಮೊಟ್ಟೆಯಿಂದ ಹೊರಬರುವಾಗಲೇ ಅಲ್ಲಿ ಕೋಳಿಯ ಕಾಲಿನ ಮುಳ್ಳನ್ನು ಹೋಲುವ ಪುಟ್ಟದೊಂದು ಉಬ್ಬು ಇರುತ್ತದೆ, ಹೆಣ್ಣಿಗೆ ಇರುವುದಿಲ್ಲ. ಜೊತೆಗೆ, ಕೊನೆಯ ಹಿಕ್ಕೆಯಲ್ಲಿದ್ದ ಬಿಳಿಯ ಭಾಗ ನಿಜವಾಗಿಯೂ ಬಿಳಿಯಾಗಿತ್ತೇ ಎಂಬುದನ್ನೂ ತಿಳಿಸಿ.

ಪ್ರಶ್ನೆ ಕೇಳಿದವರು

ಟಾರ್ಚ್ ಹಾಕಿ ಎರಡೂ ಕಾಲುಗಳನ್ನು ನೋಡಿದೆವು. ಉಬ್ಬು ಇಲ್ಲ, ಹಿಮ್ಮಡಿ ನುಣುಪಾಗಿದೆ. ಹಿಕ್ಕೆಯ ಬಿಳಿಯ ಭಾಗ ಕಿತ್ತಳೆ ಬಣ್ಣಕ್ಕೆ ತಿರುಗಿ ಗಟ್ಟಿಯಾಗಿದೆ. ಹಾಗಾದರೆ ಇದು ಹೆಣ್ಣೇ? ಇದರ ಜೊತೆ ಬೇರೆ ಗೋಸುಂಬೆ ಯಾವತ್ತೂ ಇರಲಿಲ್ಲವಲ್ಲ, ಮೊಟ್ಟೆ ಹೇಗೆ ಬರುತ್ತದೆ?

ಉತ್ತರ (ಪಶುವೈದ್ಯೆ, ಲೆಸ್ಟರ್, ಇಂಗ್ಲೆಂಡ್)

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿ, ಈಗ ಇಲ್ಲಿ ಸರೀಸೃಪಗಳನ್ನೂ ನೋಡುತ್ತೇನೆ. ಕಣ್ಣಾರೆ ನೋಡದೆ ರೋಗವನ್ನು ನಿರ್ಧರಿಸುವುದು ತಪ್ಪಾದರೂ, ನೀವು ಬರೆದ ವಿವರಗಳು ಒಂದೇ ಕಡೆಗೆ ಬೆರಳು ತೋರಿಸುತ್ತಿವೆ.

ನಾಟಿ ಕೋಳಿ ಹುಂಜವಿಲ್ಲದೆಯೂ ಮೊಟ್ಟೆಯಿಡುವಂತೆ, ವೇಲ್ಡ್ ಕ್ಯಾಮೆಲಿಯನ್ ಹೆಣ್ಣು ಗಂಡಿನ ಸಂಗವಿಲ್ಲದೆಯೂ ಮೊಟ್ಟೆ ಕಟ್ಟುತ್ತದೆ. ವ್ಯತ್ಯಾಸವೆಂದರೆ ಕೋಳಿ ದಿನಕ್ಕೊಂದು ಇಡುತ್ತದೆ, ಇದು ಒಮ್ಮೆಲೇ 20ರಿಂದ 70ರವರೆಗೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಇಡಬೇಕಾಗುತ್ತದೆ. ಆಹಾರ ಮತ್ತು ಶಾಖ ಎರಡೂ ಹೇರಳವಾಗಿ ಸಿಕ್ಕಷ್ಟೂ ಮೊಟ್ಟೆಗಳ ಸಂಖ್ಯೆ ಏರುತ್ತದೆ. ದಿನಕ್ಕೆ ಹದಿನೈದು ಹುಳು, 38 ಡಿಗ್ರಿಯ ಬಿಸಿ ಎಂದು ನೀವು ಬರೆದದ್ದನ್ನು ಓದಿದಾಗಲೇ ನನಗೆ ಕಳವಳವಾಯಿತು. ನೀವು ಪ್ರೀತಿಯಿಂದ ಕೊಟ್ಟದ್ದನ್ನು ಅದರ ದೇಹವು, ಈಗ ಸುಭಿಕ್ಷದ ಕಾಲ, ಮೊಟ್ಟೆಯಿಡಲು ಇದೇ ಹೊತ್ತು ಎಂದು ಅರ್ಥ ಮಾಡಿಕೊಂಡಿದೆ.

ಮೊಟ್ಟೆ ತುಂಬಿದ ಹೆಣ್ಣು ಊಟ ಬಿಟ್ಟು, ನೆಲಕ್ಕಿಳಿದು, ಆಳವಾದ ಒದ್ದೆ ಮಣ್ಣನ್ನು ಹುಡುಕುತ್ತದೆ. ಕುಂಡದ ಮಣ್ಣು ಕೆದರಿದ್ದು ಅದಕ್ಕಾಗಿಯೇ. ಬೇರು ತುಂಬಿದ ಆ ಕುಂಡದಲ್ಲಿ ಸುರಂಗ ತೋಡಲು ಆಗದೆ ಅದು ಮೊಟ್ಟೆಗಳನ್ನು ತಡೆಹಿಡಿದುಕೊಂಡಿದೆ ಎಂದು ಕಾಣುತ್ತದೆ. ಸ್ಥಳದ ಕೊರತೆಯೊಂದೇ ಅಲ್ಲ: ಅಷ್ಟೊಂದು ಮೊಟ್ಟೆಗಳ ಸಿಪ್ಪೆಗೆ ಸುಣ್ಣದ ಅಂಶ ಹೋದ ಮೇಲೆ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಿದ್ದರೆ, ಮೊಟ್ಟೆಯನ್ನು ಹೊರಗೆ ತಳ್ಳಬೇಕಾದ ಸ್ನಾಯುಗಳಿಗೆ ಬಿಗಿಯುವ ಶಕ್ತಿಯೇ ಇರುವುದಿಲ್ಲ. ಕಿತ್ತಳೆ ಬಣ್ಣದ ಹಿಕ್ಕೆ ದೇಹದಲ್ಲಿ ನೀರು ಬತ್ತಿರುವುದನ್ನು ಹೇಳುತ್ತದೆ; ಬಟ್ಟಲಿನಲ್ಲಿ ನಿಂತ ನೀರನ್ನು ಬಹುತೇಕ ಗೋಸುಂಬೆಗಳು ನೀರೆಂದು ಗುರುತಿಸುವುದೇ ಇಲ್ಲ, ಅವು ಎಲೆಯ ಮೇಲಿನ ಹನಿಗಳನ್ನು ನೆಕ್ಕಿ ಕುಡಿಯುತ್ತವೆ. ಈ ಮೂರೂ ಕೂಡಿದಾಗ ಮೊಟ್ಟೆಗಳು ಒಳಗೇ ಸಿಕ್ಕಿಕೊಳ್ಳುತ್ತವೆ. ಇದನ್ನು ಎಗ್ ಬೈಂಡಿಂಗ್ ಎನ್ನುತ್ತೇವೆ. ಚಿಕಿತ್ಸೆಯಿಲ್ಲದಿದ್ದರೆ ಪ್ರಾಣಿ ಉಳಿಯುವುದಿಲ್ಲ.

ಇಂದೇ ಸರೀಸೃಪ ನೋಡುವ ವೈದ್ಯರ ಬಳಿಗೆ ಒಯ್ಯಿರಿ. ನಾಯಿ ಬೆಕ್ಕುಗಳನ್ನಷ್ಟೇ ನೋಡುವವರು ಎಷ್ಟೇ ಒಳ್ಳೆಯವರಾದರೂ ಇದಕ್ಕೆ ಸಾಲದು. ಅಸೋಸಿಯೇಷನ್ ಆಫ್ ರೆಪ್ಟಿಲಿಯನ್ ಅಂಡ್ ಆಂಫಿಬಿಯನ್ ವೆಟರಿನೇರಿಯನ್ಸ್ ಸಂಸ್ಥೆಯ ತಾಣದಲ್ಲಿ ಊರಿನ ಪ್ರಕಾರ ವೈದ್ಯರನ್ನು ಹುಡುಕಬಹುದು. ಗಾಳಿಯಾಡುವ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ, ಹಿಡಿದುಕೊಳ್ಳಲು ಒಂದು ಕಡ್ಡಿ ಇಟ್ಟು, ಕತ್ತಲಾಗುವಂತೆ ಮುಚ್ಚಿ ಒಯ್ಯಿರಿ. ನಿಲ್ಲಿಸಿದ ಕಾರಿನಲ್ಲಿ ಒಂದು ನಿಮಿಷವೂ ಬಿಡಬೇಡಿ. ಗೂಡಿನ ಮತ್ತು ದೀಪಗಳ ಚಿತ್ರಗಳು ಫೋನಿನಲ್ಲಿರಲಿ, ಹಿಕ್ಕೆಯನ್ನೂ ಒಂದು ಚೀಲದಲ್ಲಿ ಕೊಂಡೊಯ್ಯಿರಿ. ವೈದ್ಯರು ಎಕ್ಸ್‌ರೇ ತೆಗೆದು, ನೀರಿನಂಶ ಮತ್ತು ಕ್ಯಾಲ್ಸಿಯಂ ಕೊಟ್ಟು, ಮೊಟ್ಟೆ ಹೊರಬರುವ ದಾರಿಯಲ್ಲಿ ತಡೆಯಿಲ್ಲವೆಂದು ಖಚಿತವಾದ ಮೇಲೆ ಬೇಕಿದ್ದರೆ, ಮೊಟ್ಟೆ ತಳ್ಳುವ ಸ್ನಾಯುಗಳನ್ನು ಬಿಗಿಸುವ ಆಕ್ಸಿಟೋಸಿನ್ ಚುಚ್ಚುಮದ್ದು ಪ್ರಯತ್ನಿಸುತ್ತಾರೆ. ಅದರಿಂದಲೂ ಆಗದಿದ್ದರೆ ಶಸ್ತ್ರಚಿಕಿತ್ಸೆ ಮಾಡಬೇಕಾಗುತ್ತದೆ.

ಪ್ರಶ್ನೆ ಕೇಳಿದವರು (ಎರಡು ದಿನಗಳ ಬಳಿಕ)

ನಿಮ್ಮ ಉತ್ತರ ಓದಿದ ಒಂದು ಗಂಟೆಯೊಳಗೆ ಹೊರಟೆವು. ಎಕ್ಸ್‌ರೇಯಲ್ಲಿ ಹೊಟ್ಟೆಯ ತುಂಬ ಸಾಬುದಾನೆ ಚೆಲ್ಲಿದಂತೆ ಮೊಟ್ಟೆಗಳು ಕಂಡವು. ವೈದ್ಯರು ನಲವತ್ತರವರೆಗೆ ಎಣಿಸಿ ಬಿಟ್ಟರು. ಮೂಳೆಗಳು ಇರಬೇಕಾದಷ್ಟು ದಟ್ಟವಾಗಿಲ್ಲ, ಕೆಳದವಡೆ ಸ್ವಲ್ಪ ಮೆತ್ತಗಾಗಿದೆ ಎಂದೂ ಹೇಳಿದರು. ರಾತ್ರಿಯಿಡೀ ಅಲ್ಲೇ ಇಟ್ಟುಕೊಂಡು ನೀರಿನಂಶ ಮತ್ತು ಕ್ಯಾಲ್ಸಿಯಂ ಕೊಟ್ಟ ಮೇಲೆ ಬೆಳಿಗ್ಗೆ ಕಣ್ಣು ತೆರೆದು ಕಡ್ಡಿ ಹಿಡಿಯಿತು. ಮನೆಯಲ್ಲಿ ಮೊಟ್ಟೆಯಿಡುವ ತೊಟ್ಟಿ ಸಿದ್ಧಪಡಿಸಿ ಎರಡು ದಿನ ನೋಡಿ, ಇಡದಿದ್ದರೆ ಆಪರೇಷನ್ ಎಂದು ಹೇಳಿ ಕಳಿಸಿದ್ದಾರೆ. ತೊಟ್ಟಿ ಹೇಗಿರಬೇಕು?

ಉತ್ತರ (ಸನ್ನಿವೇಲ್)

ಅಗಲ ಒಂದು ಅಡಿಗೆ ಕಡಿಮೆಯಿಲ್ಲದ ಪ್ಲಾಸ್ಟಿಕ್ ತೊಟ್ಟಿಯಲ್ಲಿ ತೊಳೆದ ಮರಳು ಮತ್ತು ಗೊಬ್ಬರ ಬೆರೆಸದ ಮಣ್ಣನ್ನು ಕಲಸಿ 25ರಿಂದ 30 ಸೆಂಟಿಮೀಟರ್ ಆಳಕ್ಕೆ ತುಂಬಿ. ಹದ ಮುಖ್ಯ: ಬೆರಳಿನಿಂದ ಬುಡದವರೆಗೆ ಒಂದು ಬಿಲ ಕೊರೆದರೆ ಅದು ಕುಸಿಯದೆ ನಿಲ್ಲಬೇಕು, ಹಿಂಡಿದರೆ ನೀರು ಒಸರಬಾರದು. ತೊಟ್ಟಿಗೆ ಇಳಿಯಲು ಒಂದು ಕೊಂಬೆ ಒರಗಿಸಿ.

ಆಮೇಲೆ ಗೂಡಿಗೆ ಹಳೆಯ ಬೆಡ್‌ಶೀಟ್ ಹೊದಿಸಿ ದೂರ ಸರಿಯಿರಿ. ಹೊಸಬರು ಎಡವುವುದು ಇಲ್ಲೇ. ಬಿಲ ತೋಡುತ್ತಿರುವಾಗ ಯಾರೋ ನೋಡುತ್ತಿದ್ದಾರೆ ಎಂದು ಅದಕ್ಕೆ ಅನ್ನಿಸಿದರೆ ಕೆಲಸವನ್ನು ಅರ್ಧಕ್ಕೆ ಬಿಟ್ಟು ಮತ್ತೆ ಮೊಟ್ಟೆಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ನಿಮ್ಮ ಮಗನಿಗೆ ಕುತೂಹಲ ಇದ್ದೇ ಇರುತ್ತದೆ. ಬೆಡ್‌ಶೀಟಿನ ಸಂದಿಯಿಂದ ಇಣುಕದಂತೆ ಅವನಿಗೆ ಮೊದಲೇ ಹೇಳಿಡಿ.

ಉತ್ತರ (ಸಿಡ್ನಿ)

ಮೆತ್ತಗಿನ ದವಡೆಯ ಬಗ್ಗೆ ಒಂದು ಮಾತು. ಇದರ ಮೂಲ ದೀಪದಲ್ಲಿದೆ ಎಂದು ನನ್ನ ಊಹೆ. ಸುರುಳಿ ಬಲ್ಬಿನ ಯುವಿಬಿ ಕಿರಣ ಒಂದು ಸಣ್ಣ ಜಾಗಕ್ಕಷ್ಟೇ ಬೀಳುತ್ತದೆ. ಆ ಕಿರಣವಿಲ್ಲದೆ ಚರ್ಮದಲ್ಲಿ ವಿಟಮಿನ್ ಡಿ3 ತಯಾರಾಗುವುದಿಲ್ಲ, ಡಿ3 ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸೇರುವುದಿಲ್ಲ, ಆಗ ದೇಹ ತನ್ನ ಮೂಳೆಯನ್ನೇ ಕರಗಿಸಿಕೊಳ್ಳುತ್ತದೆ. ಗೂಡಿನ ಅಗಲಕ್ಕೆ ಹೊಂದುವ ಉದ್ದನೆಯ ಟಿ5 (ತೆಳುವಾದ ಟ್ಯೂಬ್‌ಲೈಟ್ ಮಾದರಿಯ) ಯುವಿಬಿ ಟ್ಯೂಬ್ ಹಾಕಿ, ಪ್ರಾಣಿ ಕೂರುವ ಕೊಂಬೆ ಅದರಿಂದ 20–25 ಸೆಂಟಿಮೀಟರ್ ಕೆಳಗಿರಲಿ, ವರ್ಷಕ್ಕೊಮ್ಮೆ ಟ್ಯೂಬ್ ಬದಲಿಸಿ. ಬೆಳಕು ಕಾಣುತ್ತಿದ್ದರೂ ಯುವಿಬಿ ಅಷ್ಟರಲ್ಲಿ ಕುಗ್ಗಿರುತ್ತದೆ. ಕಿಟಕಿಯ ಬಳಿ ಇಟ್ಟರೆ ಸಾಕೆಂದು ಕೆಲವರು ಹೇಳುತ್ತಾರೆ, ಆದರೆ ಗಾಜು ಯುವಿಬಿಯನ್ನು ತಡೆಯುತ್ತದೆ.

ಪ್ರತಿ ಊಟಕ್ಕೂ ಹುಳುಗಳಿಗೆ ಡಿ3 ಇಲ್ಲದ ಕ್ಯಾಲ್ಸಿಯಂ ಪುಡಿ ಹಚ್ಚಿ. ಡಿ3 ಮತ್ತು ವಿಟಮಿನ್ ಎ ಇರುವ ಪುಡಿ ತಿಂಗಳಿಗೆ ಎರಡು ಸಲ ಸಾಕು, ಅತಿಯಾದರೆ ಅದೂ ವಿಷವೇ. ಹುಳುಗಳಿಗೆ ಮುನ್ನಾದಿನ ಸೊಪ್ಪು, ಗಜ್ಜರಿ ತಿನ್ನಿಸಿರಬೇಕು. ಹಸಿದ ಹುಳು ಎಂದರೆ ಬರೀ ಸಿಪ್ಪೆ.

ಉತ್ತರ (ತುಮಕೂರು ಜಿಲ್ಲೆ)

ನಮ್ಮ ಅಡಿಕೆ ತೋಟದಲ್ಲೂ ಗೋಸುಂಬೆ ಹೀಗೆಯೇ ನೆಲಕ್ಕಿಳಿದು ಮಣ್ಣು ತೋಡುವುದನ್ನು ನೋಡಿದ್ದೇನೆ, ಕಾರಣ ಈಗ ತಿಳಿಯಿತು. ಅಂಥದ್ದೊಂದನ್ನು ಮನೆಯಲ್ಲಿ ಸಾಕಬಹುದೇ?

ಉತ್ತರ (ಲೆಸ್ಟರ್)

ಸಾಕುವಂತಿಲ್ಲ. ನಮ್ಮ ನಾಡಿನ ಗೋಸುಂಬೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಹಿಡಿಯುವುದೂ ಮಾರುವುದೂ ಅಪರಾಧ. ಅದಕ್ಕೆ ವಿಷವಿದೆ ಎಂಬ ಮಾತು ಸುಳ್ಳು. ರಸ್ತೆ ದಾಟುತ್ತಿದ್ದರೆ ಕೋಲಿಗೆ ಹತ್ತಿಸಿ ಆಚೆ ಬದಿಯ ಪೊದೆಗೆ ಬಿಡಿ.

ಪ್ರಶ್ನೆ ಕೇಳಿದವರು

ನಿನ್ನೆ ಮಧ್ಯಾಹ್ನದಿಂದ ಬೆಡ್‌ಶೀಟಿನ ಒಳಗೆ ಮರಳು ಎಳೆಯುವ ಸದ್ದು ಕೇಳುತ್ತಿತ್ತು. ಇಂದು ಬೆಳಿಗ್ಗೆ ಮಣ್ಣನ್ನೆಲ್ಲ ಮತ್ತೆ ಮುಚ್ಚಿ, ಮೂಗಿನ ಮೇಲೆ ಮರಳು ಮೆತ್ತಿಕೊಂಡು, ಬಡಕಲಾಗಿ ಕೊಂಬೆಯ ಮೇಲೆ ಕುಳಿತಿತ್ತು. ಎಲೆಯ ಮೇಲೆ ನೀರು ಚಿಮುಕಿಸಿದಾಗ ಹತ್ತು ನಿಮಿಷ ಬಿಡದೆ ಕುಡಿಯಿತು. ಅಗೆದು ನೋಡಿದರೆ 38 ಮೊಟ್ಟೆಗಳು. ಒಳಗೆ ಇನ್ನೂ ಉಳಿದಿವೆಯೇ ಎಂದು ನೋಡಲು ಸೋಮವಾರ ಮತ್ತೊಂದು ಎಕ್ಸ್‌ರೇ ಇದೆ. ಮೊಟ್ಟೆಗಳಿಂದ ಮರಿ ಬರುತ್ತವೆಯೇ, ಮತ್ತೆ ಯಾವಾಗ ಇಡುತ್ತದೆ ಎಂದು ಮಗ ಕೇಳುತ್ತಿದ್ದಾನೆ.

ಉತ್ತರ (ಲೆಸ್ಟರ್)

ಗಂಡಿನ ಸಂಗವಿಲ್ಲದ ಮೊಟ್ಟೆಗಳು ಮರಿಯಾಗುವುದಿಲ್ಲ, ಎಸೆದುಬಿಡಿ. ಮುಟ್ಟಿದ ಕೈಯನ್ನು ಮಗನೂ ಸೋಪು ಹಾಕಿ ತೊಳೆಯಲಿ, ಸರೀಸೃಪಗಳ ಮೈಮೇಲೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಎಕ್ಸ್‌ರೇ ತಪ್ಪಿಸಬೇಡಿ, ಒಂದೆರಡು ಮೊಟ್ಟೆ ಉಳಿದರೂ ಸೋಂಕಾಗಬಹುದು. ಮೊದಲ ಒಂದೆರಡು ವಾರ ಹೊಟ್ಟೆ ತುಂಬ ತಿನ್ನಿಸಿ, ಚೇತರಿಸಿಕೊಂಡ ಬಳಿಕ ಎರಡು ದಿನಕ್ಕೊಮ್ಮೆ ನಾಲ್ಕೈದು ಹುಳುಗಳಿಗೆ ಇಳಿಸಿ. ದೀಪದ ಕೆಳಗಿನ ಶಾಖವನ್ನು 27–28 ಡಿಗ್ರಿಗೆ ತನ್ನಿ. ಹೀಗೆ ಮಾಡಿದರೆ ಮುಂದಿನ ಸಲ ಮೊಟ್ಟೆಗಳ ಸಂಖ್ಯೆ ಗಣನೀಯವಾಗಿ ತಗ್ಗುತ್ತದೆ, ಕೆಲವು ಹೆಣ್ಣುಗಳು ಇಡುವುದನ್ನೇ ನಿಲ್ಲಿಸುತ್ತವೆ. ಆದರೂ ಮೂರು ನಾಲ್ಕು ತಿಂಗಳಿಗೊಮ್ಮೆ ಮತ್ತೆ ಮೊಟ್ಟೆ ಕಟ್ಟಬಹುದಾದ್ದರಿಂದ ತೊಟ್ಟಿಯನ್ನು ಗೂಡಿನಿಂದ ತೆಗೆಯಬೇಡಿ, ಮಣ್ಣಿನ ಹದವನ್ನು ವಾರಕ್ಕೊಮ್ಮೆ ನೋಡುತ್ತಿರಿ.