ನ್ಯೂಟನ್ ಬರೆದದ್ದು ವಿಜ್ಞಾನವೋ ತತ್ತ್ವಶಾಸ್ತ್ರವೋ?

ಪ್ರಶ್ನೆ (ಬಿ.ಎಸ್‌ಸಿ. ವಿದ್ಯಾರ್ಥಿನಿ): ಸರ್, ನ್ಯೂಟನ್ 1687ರಲ್ಲಿ ಪ್ರಕಟಿಸಿದ ಗ್ರಂಥದ ಹೆಸರಿನಲ್ಲೇ ‘ನಿಸರ್ಗ ತತ್ತ್ವಶಾಸ್ತ್ರ’ ಎಂದಿದೆ. ಚಲನೆಯ ನಿಯಮ ಬರೆದವರಿಗೆ ತತ್ತ್ವಶಾಸ್ತ್ರದ ಗೊಡವೆ ಏಕೆ? ಪ್ರಯೋಗ ಬಂದ ಮೇಲೆ ಅದು ಹಿಂದೆ ಸರಿಯಿತು ಎಂದೇ ನಾವು ಓದಿದ್ದೇವೆ.

ಉತ್ತರ (ತತ್ತ್ವಶಾಸ್ತ್ರ ಅಧ್ಯಾಪಕ): ನ್ಯೂಟನ್ನನ ಪಾಲಿಗೆ ಅವೆರಡೂ ಬೇರೆಯಾಗಿರಲಿಲ್ಲ. ‘ವಿಜ್ಞಾನಿ’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಇಂದಿರುವ ಪದ ಹುಟ್ಟಿದ್ದೇ 1830ರ ದಶಕದಲ್ಲಿ. 1610ರಲ್ಲಿ ಟಸ್ಕನಿಯ ದೊರೆಯ ಆಸ್ಥಾನ ಸೇರುವಾಗ ಗೆಲಿಲಿಯೊ ‘ಗಣಿತಜ್ಞ’ನ ಜೊತೆಗೆ ‘ತತ್ತ್ವಜ್ಞಾನಿ’ ಎಂಬ ಬಿರುದನ್ನೂ ಕೇಳಿ ಪಡೆದ. ಬರೀ ಜಂಬವಲ್ಲ ಅದು. ಗ್ರಹಗಳ ಸ್ಥಾನವನ್ನು ಲೆಕ್ಕ ಹಾಕುವುದು ಗಣಿತಜ್ಞನ ಕೆಲಸ. ಆಕಾಶ ನಿಜಕ್ಕೂ ಹೇಗಿದೆ ಎಂದು ಹೇಳುವ ಅಧಿಕಾರ ತತ್ತ್ವಜ್ಞಾನಿಯದು ಎಂಬ ಕಾಲ.

ಪ್ರಯೋಗದ ಮಾತಿಗೆ ಬರೋಣ. ಒಂದು ತುದಿ ಮುಚ್ಚಿದ ಉದ್ದನೆಯ ಗಾಜಿನ ಕೊಳವೆಗೆ ಪಾದರಸ ತುಂಬಿ, ಪಾದರಸದ ಬಟ್ಟಲಲ್ಲಿ ಬೋರಲು ಹಾಕಿದರೆ ಕಂಬ ಸುಮಾರು 76 ಸೆಂಟಿಮೀಟರಿಗೆ ಇಳಿದು ನಿಲ್ಲುತ್ತದೆ. ಮೇಲೆ ಉಳಿದ ಜಾಗದಲ್ಲಿ ಏನಿದೆ? ಏನೂ ಇಲ್ಲ ಎನ್ನುವುದನ್ನು ಫ್ರೆಂಚ್ ತತ್ತ್ವಜ್ಞಾನಿ ಡೇಕಾರ್ಟ್ ಒಪ್ಪಲಾರ. ಉದ್ದಗಲ ಇರುವುದೆಲ್ಲ ದ್ರವ್ಯವೇ ಎಂಬುದು ಅವನ ಸಿದ್ಧಾಂತ. ಗಾಜಿನ ರಂಧ್ರಗಳಿಂದ ಸೂಕ್ಷ್ಮ ದ್ರವ್ಯ ಒಳನುಗ್ಗಿದೆ ಎಂದ. 1648ರಲ್ಲಿ ಫ್ರೆಂಚ್ ಗಣಿತಜ್ಞ ಪಾಸ್ಕಲ್‌ನ ಭಾವ ಇದೇ ಕೊಳವೆಯನ್ನು ಫ್ರಾನ್ಸಿನ ಪ್ಯುಯಿ ದ ಡೋಮ್ ಬೆಟ್ಟಕ್ಕೆ ಹೊತ್ತೊಯ್ದ. ತುದಿಯಲ್ಲಿ ಪಾದರಸ ಸುಮಾರು 8 ಸೆಂಟಿಮೀಟರ್ ಕಡಿಮೆ ನಿಂತಿತು. ಕಂಬವನ್ನು ಹಿಡಿದಿರುವುದು ಗಾಳಿಯ ಭಾರ ಎಂಬುದು ಖಚಿತವಾಯಿತು. ಮೇಲಿನ ಜಾಗ ಖಾಲಿಯೇ ಎಂಬುದು ಮಾತ್ರ ಇತ್ಯರ್ಥವಾಗಲಿಲ್ಲ. (ಈ ಪ್ರಯೋಗದ ಸಲಹೆ ಕೊಟ್ಟವನು ತಾನೇ ಎಂದು ಡೇಕಾರ್ಟ್ ಹೇಳಿಕೊಂಡ!)

ಮತ್ತೊಬ್ಬ ಕೇಳುಗರು: ಪಾತ್ರೆಯೊಳಗಿನ ಗಾಳಿಯನ್ನು ಹೊರತೆಗೆಯುವ, ವಿಜ್ಞಾನಿ ರಾಬರ್ಟ್ ಬಾಯ್ಲ್‌ನ ಗಾಳಿ ಪಂಪು ಅದನ್ನು ತೀರ್ಮಾನಿಸಲಿಲ್ಲವೇ?

ಉತ್ತರ: ತೀರ್ಮಾನಿಸಲು ಬಾಯ್ಲ್ ಹೋಗಲೇ ಇಲ್ಲ. ‘ನಿರ್ವಾತ’ ಎಂದರೆ ಗಾಳಿ ಹೆಚ್ಚುಕಡಿಮೆ ಇಲ್ಲದ ಜಾಗ, ಅಷ್ಟೇ ಎಂದುಬಿಟ್ಟ. ಇಂಗ್ಲಿಷ್ ತತ್ತ್ವಜ್ಞಾನಿ ಹಾಬ್ಸ್ 1661ರಲ್ಲಿ ಅವನ ಮೇಲೆ ಹರಿಹಾಯ್ದ: ಪಂಪು ಸೋರುತ್ತದೆ, ಕಾರಣ ಹೇಳದಿದ್ದರೆ ಅದೆಂಥ ತತ್ತ್ವಶಾಸ್ತ್ರ? ಸೋರುತ್ತಿದ್ದುದಂತೂ ನಿಜ. ಆದರೆ ಗೆದ್ದದ್ದು ಬಾಯ್ಲ್. ಪ್ರಯೋಗದ ಮುಂದೆ ಯಾವ ಪ್ರಶ್ನೆ ಇಡಬಹುದು, ಯಾವುದನ್ನು ಬಿಡಬೇಕು ಎಂದು ಆತ ಗೆರೆ ಎಳೆದನಲ್ಲ, ನನ್ನ ಪ್ರಕಾರ ಅದು ಅಪ್ಪಟ ತತ್ತ್ವಶಾಸ್ತ್ರ.

ವಿದ್ಯಾರ್ಥಿನಿ: ನಮ್ಮ ಪ್ರಯೋಗಾಲಯದಲ್ಲಿ ಪಾದರಸದ ವಾಯುಭಾರಮಾಪಕ ಇದೆ ಸರ್.

ಉತ್ತರ: ಹಾಗಾದರೆ ಅದರ ನೆತ್ತಿಯ ಖಾಲಿ ಜಾಗವನ್ನೊಮ್ಮೆ ನೋಡಿ. ಅಲ್ಲಿ ತೀರಾ ಸ್ವಲ್ಪ ಪಾದರಸದ ಆವಿ ಇರುತ್ತದೆ. ಕೇಳಿದ್ದರೆ ಡೇಕಾರ್ಟ್ ಮೀಸೆ ತಿರುವುತ್ತಿದ್ದ.