ಪದಚರ್ಚೆ: ‘ಘಟಕ ಪರೀಕ್ಷೆ’ ಅಂದರೆ ಯಾವ ಪರೀಕ್ಷೆ?

ಎಲ್ಲರಿಗೂ ನಮಸ್ಕಾರ.

ಉಡುಪಿಯಲ್ಲಿ ಭಾನುವಾರ ಸಂಜೆ ಏಳೆಂಟು ಮಕ್ಕಳಿಗೆ ಪ್ರೋಗ್ರಾಮಿಂಗ್ ಹೇಳಿಕೊಡುತ್ತೇನೆ. ಎಲ್ಲರೂ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಕಲಿಸುವ ಭಾಷೆ ರ‍್ಯಾಕೆಟ್, ಲಿಸ್ಪ್ ಮನೆತನದ್ದು; ಸಾಲು ಸಾಲಿಗೂ ಬ್ರ್ಯಾಕೆಟ್ ಬೇಕು. ಬ್ರ್ಯಾಕೆಟ್‌ಗೆ ಮೊದಲ ದಿನ ‘ಕಂಸ’ ಅಂದೆ. “ಕೃಷ್ಣನ ಊರಲ್ಲಿ ಸಾಲಿಗೆ ಹತ್ತು ಕಂಸರಾ ಸರ್?” ಅಂತ ಒಬ್ಬ ಕೇಳಿದ. ಅವತ್ತಿನಿಂದ ಸುಮ್ನೆ ಬ್ರ್ಯಾಕೆಟ್ ಅಂತಲೇ ಹೇಳುತ್ತಿದ್ದೇನೆ.

ಈಗಿನ ತೊಂದರೆ ಬೇರೆ. ಪ್ರೋಗ್ರಾಮಿನ ಒಂದೊಂದು ಸಣ್ಣ ಭಾಗ ಸರಿಯಾಗಿ ಕೆಲಸ ಮಾಡುತ್ತದೆಯೇ ಅಂತ ನೋಡುವುದು ಯೂನಿಟ್ ಟೆಸ್ಟ್. ಯೂನಿಟ್ ಟೆಸ್ಟ್‌ಗೆ ಟಿಪ್ಪಣಿಯಲ್ಲಿ ‘ಘಟಕ ಪರೀಕ್ಷೆ’ ಅಂತ ಬರೆದಿದ್ದೆ. ‘ಮುಂದಿನ ವಾರ: ಘಟಕ ಪರೀಕ್ಷೆ’. ಆ ವಾರ ಇಬ್ಬರು ಬರಲೇ ಇಲ್ಲ. ಓದಿಕೊಂಡಿಲ್ಲ ಅಂತ ಹೆದರಿ ತಪ್ಪಿಸಿಕೊಂಡಿದ್ದರು! ತಪ್ಪು ಅವರದಲ್ಲ. ಶಾಲೆಯಲ್ಲಿ ಪಾಠ ಮುಗಿದ ಮೇಲೆ ಕೊಡುವುದೂ ಘಟಕ ಪರೀಕ್ಷೆಯೇ ಅಲ್ವಾ? ಇನ್ನು ಟೆಸ್ಟ್ ಕೇಸ್‌ಗೆ, ಅಂದರೆ ಪ್ರೋಗ್ರಾಮಿನ ಒಂದೊಂದು ತಪಾಸಣೆಗೆ, ‘ಪರೀಕ್ಷಾ ಪ್ರಕರಣ’ ಅಂದರೆ ಪ್ರಶ್ನೆಪತ್ರಿಕೆ ಸೋರಿದ ಸುದ್ದಿಯ ಹಾಗೆ ಕೇಳಿಸುತ್ತದೆ.

ಕೋಡಿನ ಒಂದು ಕಟ್ಟು, ಸಾಮಾನ್ಯವಾಗಿ ಒಂದು ಫೈಲು, ಅದಕ್ಕೆ ಮಾಡ್ಯೂಲ್ ಅನ್ನುತ್ತಾರೆ. ಮಾಡ್ಯೂಲ್‌ಗೂ ‘ಘಟಕ’ ಅಂತ ಬರೆಯುವವರಿದ್ದಾರೆ. ರ‍್ಯಾಕೆಟ್‌ನಲ್ಲಿ ಅದು ನಡೆಯುವುದಿಲ್ಲ. ಅಲ್ಲಿ ಮಾಡ್ಯೂಲ್ ಬೇರೆ, ಯೂನಿಟ್ ಅನ್ನುವುದು ಬೇರೆಯೇ ಸಲಕರಣೆ. ಎರಡಕ್ಕೂ ಒಂದೇ ಪದ ಹಾಕಿದರೆ ಕಲಿಯುವವರ ಗತಿ ಏನು? ಘಟಕವನ್ನು ಯೂನಿಟ್‌ಗೆ ಬಿಟ್ಟು, ಮಾಡ್ಯೂಲನ್ನು ಮಾಡ್ಯೂಲ್ ಅಂತಲೇ ಉಳಿಸೋಣ ಅನ್ನುವುದು ನನ್ನ ಅಭಿಪ್ರಾಯ.

ಟೆಸ್ಟ್‌ಗೆ ಮಾತ್ರ ನನಗೆ ‘ತಾಳೆ’ ಇಷ್ಟ. 1906ರಿಂದ 1931ರೊಳಗೆ ಐದು ದೊಡ್ಡ ಬ್ಯಾಂಕುಗಳು ಹುಟ್ಟಿದ ಜಿಲ್ಲೆ ನಮ್ಮದು, ಅವಿಭಜಿತ ದಕ್ಷಿಣ ಕನ್ನಡ. ಮನೆಗೊಬ್ಬರಾದರೂ ಬ್ಯಾಂಕಿನವರು ಸಿಗುತ್ತಿದ್ದರು. ನನ್ನ ಚಿಕ್ಕಪ್ಪ ರಾತ್ರಿ ತಡವಾಗಿ ಬಂದರೆ ಹೇಳುತ್ತಿದ್ದದ್ದು ಒಂದೇ ಮಾತು: “ಲೆಕ್ಕ ತಾಳೆ ಆಗ್ಲಿಲ್ಲ.” ಟೆಸ್ಟ್ ಬರೆಯುವಾಗ ಬಳಸುವ ‘ಚೆಕ್ ಈಕ್ವಲ್’ ಅನ್ನುವ ಆದೇಶ ಮಾಡುವುದೂ ಅದನ್ನೇ. ಈ ಕಡೆ ಪ್ರೋಗ್ರಾಂ ಕೊಟ್ಟ ಉತ್ತರ, ಆ ಕಡೆ ನಾವು ಬಯಸಿದ ಉತ್ತರ. ಎರಡೂ ಒಂದೇ ಆದರೆ ತಾಳೆಯಾಯಿತು, ಇಲ್ಲದಿದ್ದರೆ ಇಲ್ಲ. ಪಾಸು, ಫೇಲು ಅನ್ನುವ ಭಯವೂ ಇಲ್ಲ.

ಒಂದು ಕಡೆ ಮಾತ್ರ ಇದು ಕೈಕೊಡುತ್ತದೆ. ಸೊನ್ನೆಯಿಂದ ಭಾಗಿಸಿದರೆ ಎರರ್ ಬರಲೇಬೇಕು ಅಂತ ನೋಡುವ ಟೆಸ್ಟ್ ಇದೆಯಲ್ಲ, ಅದರಲ್ಲಿ ತಾಳೆ ನೋಡಲು ಎರಡು ಉತ್ತರಗಳೇ ಇರುವುದಿಲ್ಲ. ‘ಒರೆಗೆ ಹಚ್ಚು’ ಅನ್ನಬಹುದು. ಆದರೆ ಅದು ಭಾಷಣದ ಮಾತಾಯಿತು.

ಕೊನೆಯದು ಟೆಸ್ಟ್ ಸಬ್‌ಮಾಡ್ಯೂಲ್. ಅಂದರೆ ಒಂದು ಮಾಡ್ಯೂಲಿನ ಒಳಗೇ ಟೆಸ್ಟ್‌ಗಳಿಗಾಗಿ ಇಡುವ ಇನ್ನೊಂದು ಮಾಡ್ಯೂಲ್. 2012ರಲ್ಲಿ ರ‍್ಯಾಕೆಟ್ 5.3ರ ಜೊತೆ ಬಂದ ಸೌಕರ್ಯ ಇದು. ಟೆಸ್ಟ್‌ಗಳನ್ನು ಬೇರೆ ಫೈಲಿನಲ್ಲಿ ಇಡಬೇಕಾಗಿಲ್ಲ. ಫಂಕ್ಷನ್ ಬರೆದ ಜಾಗದಲ್ಲೇ, ಅದರ ಕೆಳಗೆ ‘ಮಾಡ್ಯೂಲ್ ಪ್ಲಸ್ ಟೆಸ್ಟ್’ ಅಂತ ಬರೆದು ಒಳಗೆ ಹಾಕಿದರಾಯಿತು. ಫೈಲಿನಲ್ಲಿ ಹತ್ತು ಕಡೆ ಹೀಗೆ ಚದುರಿದ್ದರೂ ಭಾಷೆ ಎಲ್ಲವನ್ನೂ ಒಟ್ಟು ಮಾಡಿ ಒಂದೇ ಸಬ್‌ಮಾಡ್ಯೂಲ್ ಮಾಡುತ್ತದೆ. ಮಾಡ್ಯೂಲ್ ಹೊರಗೆ ಕೊಡದ ಹೆಸರುಗಳೂ ಅದಕ್ಕೆ ಕಾಣುತ್ತವೆ. ಆದರೆ ಈ ಮಾಡ್ಯೂಲನ್ನು ಬೇರೆಯವರು ತರಿಸಿಕೊಂಡು ಬಳಸಿದಾಗ ಟೆಸ್ಟ್‌ಗಳು ಓಡುವುದಿಲ್ಲ. ‘ರಾಕೋ ಟೆಸ್ಟ್’ ಅನ್ನುವ ಕಮಾಂಡ್ ಕೊಟ್ಟಾಗ ಓಡುತ್ತವೆ.

ಇದನ್ನೆಲ್ಲ ಹೇಳಿ ಮುಗಿಸುವಾಗ ಒಬ್ಬಳು ಹುಡುಗಿ, “ಚೌಕಿ ಅನ್ನಿ ಸರ್” ಅಂದಳು. ಅವಳ ಅಪ್ಪ ಯಕ್ಷಗಾನ ಮೇಳದಲ್ಲಿ ವೇಷ ಮಾಡುತ್ತಾರೆ; ಕಲಾವಿದರು ಬಣ್ಣ ಹಚ್ಚಿಕೊಂಡು ಸಿದ್ಧರಾಗುವ ಜಾಗಕ್ಕೆ ಅಲ್ಲಿ ಚೌಕಿ ಅನ್ನುತ್ತಾರೆ. ನನಗೆ ಖುಷಿಯಾಯಿತು. ಆಟ ನೋಡಲು ಬಂದವರಿಗೆ ರಂಗಸ್ಥಳ ಮಾತ್ರ ಕಾಣುತ್ತದೆ. ಬಣ್ಣ ಸರಿಯಾಗಿದೆಯೋ, ಕಿರೀಟ ಗಟ್ಟಿಯಾಗಿ ಕೂತಿದೆಯೋ ಅಂತ ನೋಡುವುದೆಲ್ಲ ಚೌಕಿಯಲ್ಲಿ. ಆದರೆ ಕರಾವಳಿಯ ಹೊರಗೆ ಚೌಕಿ ಅಂದರೆ ಪೊಲೀಸ್ ಚೌಕಿ ನೆನಪಾಗುತ್ತದೋ ಏನೋ. ‘ಒಳ ಮಾಡ್ಯೂಲ್’ ಅಂದರೆ ಗೊಂದಲವಿಲ್ಲ, ರುಚಿಯೂ ಇಲ್ಲ.

ಹಾಗಾಗಿ ಕೇಳುತ್ತಿದ್ದೇನೆ. ಲೆಕ್ಕದ ‘ತಾಳೆ’ ಧಾರವಾಡ, ಮೈಸೂರು ಕಡೆ ಇವತ್ತಿಗೂ ಮಾತಿನಲ್ಲಿ ಇದೆಯೇ? ಮಕ್ಕಳಿಗೆ ಮೊದಲು ತಾಳೆಗರಿ, ತಾಳೆ ಎಣ್ಣೆ ನೆನಪಾಗುತ್ತದೆಯೇ? ಎರರ್ ಬರಬೇಕು ಅನ್ನುವ ಟೆಸ್ಟ್‌ಗೆ ಆಡುಮಾತಿನ ಪದ ಯಾವುದಾದರೂ ಹೊಳೆದರೆ ಹೇಳಿ. ಚೌಕಿಯ ಬಗ್ಗೆ ಘಟ್ಟದ ಮೇಲಿನವರು ಏನಂತೀರಿ?

ಶನಿವಾರದೊಳಗೆ ತಿಳಿಸಿದರೆ ಉಪಕಾರ. ಟಿಪ್ಪಣಿ ತಿದ್ದಬೇಕು. ತಪ್ಪಿಸಿಕೊಂಡ ಆ ಇಬ್ಬರೂ ಈ ವಾರ ಬರುತ್ತೇವೆ ಅಂದಿದ್ದಾರೆ.